ಬೋರ್ಡು, ಬ್ಯಾಟ್ರಿ ವಾಯರು ಮತ್ತು ಅಪ್ಪನ "ಹೂಂ ಅದ"

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಬರೆಯುವಂಥದ್ದು ಇರಲಿಲ್ಲ ಅಂತಲ್ಲ, ಬರೆಯುವ ಮನಸ್ಸಿರಲಿಲ್ಲ. ಹೋದ ದೀಪಾವಳಿ ಮುಗಿದ ಹತ್ತನೇ ದಿನ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಕಲಬುರಗಿಯ ಆಸ್ಪತ್ರೆಗೆ ಓಡಿ ಬಂದವನು, ಹದಿನೆಂಟು ದಿನಗಳ ಮೇಲೆ ಅಪ್ಪನನ್ನು ಕರೆದುಕೊಂಡು ಯಡ್ರಾಮಿಯ ಮನೆಗೆ ಬಂದೆ. ಆವತ್ತಿನಿಂದ ಇಲ್ಲೇ ಇದ್ದೇನೆ.

ನಿಜ ಹೇಳಬೇಕೆಂದರೆ ಇವತ್ತು ಅದರ ಬಗ್ಗೆ ಬರೆಯಬೇಕು ಅಂತ ಕೂತಿರಲಿಲ್ಲ. ಒಂದು ನೆಟ್‌ವರ್ಕ್ ಸ್ವಿಚ್ಚಿನ ಬೋರ್ಡನ್ನು ಯುಎಸ್‌ಬಿ ಮೂಲಕ ಲಿನಕ್ಸಿಗೆ ಜೋಡಿಸಿದ ಕಥೆ ಬರೆಯೋಣ, ನನ್ನ ಹಾಗೆ ಒದ್ದಾಡುವ ಇನ್ನೊಬ್ಬರಿಗೆ ಉಪಯೋಗವಾದೀತು ಅಂತ ಶುರು ಮಾಡಿದೆ. ಆದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಂಡಿವೆ. ಬಿಡಿಸಲು ಹೋಗಿ ಸೋತೆ. ಹಾಗಾಗಿ ಇದ್ದ ಹಾಗೆಯೇ ಬರೆದಿದ್ದೇನೆ. "ಟೆಕ್ನಿಕಲ್ ಎಲ್ಲ ಬೇಡ ಮಾರಾಯ" ಅನ್ನುವವರು ನಡುನಡುವೆ ಹಾರಿಸಿಕೊಂಡು ಓದಿ, ಬೇಜಾರಿಲ್ಲ :-)

ಯಡ್ರಾಮಿ ಎಲ್ಲಿದೆ ಅಂತ ಕೇಳುವವರಿಗೆ... ಕಲಬುರಗಿ ಜಿಲ್ಲೆ. ನಾನು ಶಾಲೆಗೆ ಹೋಗುವಾಗ ಜೇವರ್ಗಿ ತಾಲೂಕಿನಲ್ಲಿತ್ತು, 2018ರಲ್ಲಿ ತಾನೇ ಒಂದು ತಾಲೂಕಾಯಿತು. ಸುತ್ತ ಎರೆಭೂಮಿ. ತೊಗರಿ, ಹತ್ತಿ, ಜೋಳ. ನಮ್ಮ ಕಡೆಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು ಅಂತ ಬೆಂಗಳೂರಿನ ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡದ್ದುಂಟು. ನಾನು ಹೇಳುವ ಸಂಗತಿ ನಡೆದಾಗ ತೊಗರಿ ರಾಶಿಯ ದಿನಗಳು. ರಾತ್ರಿಯೆಲ್ಲ ರಾಶಿ ಮಷಿನ್ನಿನ ಸದ್ದು, ಬೆಳಗಾದರೆ ಲ್ಯಾಪ್‌ಟಾಪಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.

*

ನನ್ನ ಕೆಲಸ ನೆಟ್‌ವರ್ಕ್ ಸ್ವಿಚ್ಚುಗಳನ್ನು ಪರೀಕ್ಷೆ ಮಾಡುವ ಸಾಫ್ಟ್‌ವೇರ್ ಬರೆಯುವುದು. ಬೋರ್ಡುಗಳೆಲ್ಲ ಬೆಂಗಳೂರಿನ ಲ್ಯಾಬಿನಲ್ಲಿರುತ್ತವೆ. ರಜೆ ಮುಗಿಯುತ್ತ ಬಂದಾಗ ಮ್ಯಾನೇಜರಿಗೆ ಫೋನ್ ಮಾಡಿ, ಇಲ್ಲಿಂದಲೇ ಕೆಲಸ ಮಾಡುತ್ತೇನೆ ಅಂದೆ. ಅವರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಕೋಡ್ ಎಲ್ಲಿಂದ ಬೇಕಾದ್ರೂ ಬರೀಬಹುದು ಕಣಪ್ಪಾ. ಬೋರ್ಡ್ ಕೆಲಸ ಹೇಗೆ ಮಾಡ್ತೀಯಾ? ಒಂದು ಕೆಲಸ ಮಾಡೋಣ. ಒಂದು ಬೋರ್ಡ್ ಕಳಿಸ್ತೀನಿ. ಮುಂದಿನ ಶುಕ್ರವಾರ ಸಂಜೆ ಆರಕ್ಕೆ ಕಾಲ್‌ನಲ್ಲಿ ಅದು ನಡೆಯೋದನ್ನ ತೋರ್ಸು. ತೋರಿಸಿದ್ರೆ ಆರು ತಿಂಗಳು ಅಲ್ಲೇ ಇರು. ಇಲ್ಲಾಂದ್ರೆ ಸೋಮವಾರ ನೀನು ಇಲ್ಲಿರ್ಬೇಕು."

ಆಯ್ತು ಸರ್ ಅಂದೆ. ಫೋನ್ ಇಟ್ಟ ಮೇಲೆ ಒಳಗೆ ನೋಡಿದರೆ ಅವ್ವ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಲು ಹೆಣಗುತ್ತಿದ್ದಳು. ಅವಳೊಬ್ಬಳಿಂದ ಆಗುವ ಕೆಲಸವಲ್ಲ ಅದು. ಸೋಮವಾರ ನಾನು ಬಸ್ಸು ಹತ್ತಿದರೆ ಏನು ಅನ್ನುವುದನ್ನು ಯೋಚಿಸಲು ಹೋಗಲಿಲ್ಲ.

ಬೋರ್ಡು ಸೋಮವಾರವೇ ಬಂತು. ಕೊರಿಯರ್‌ನವನು ಯಡ್ರಾಮಿವರೆಗೆ ಬರಲ್ಲ ಅಂದದ್ದಕ್ಕೆ ಜೇವರ್ಗಿಗೆ ಹೋಗಿ ತಂದೆ. ನಮ್ಮ ಆಫೀಸಿನ ಹುಡುಗರೇ ಮಾಡಿದ ಇವ್ಯಾಲುಯೇಷನ್ ಬೋರ್ಡು. ಅಂದರೆ ಮಾರುವ ಮಾಲಲ್ಲ, ಚಿಪ್ಪು ಹೇಗಿದೆ ಅಂತ ಪರೀಕ್ಷಿಸಿ ನೋಡಲು ಎಲ್ಲ ಪಿನ್ನುಗಳನ್ನು ಹೊರಗೆ ತೆಗೆದು, ಜಂಪರ್, ದೀಪ ಎಲ್ಲ ಇಟ್ಟು ಮಾಡಿದ ಹಲಗೆ. ಮೇಲಿದ್ದದ್ದು ಕೆಎಸ್‌ಜೆಡ್9897 ಅನ್ನುವ ಏಳು ಪೋರ್ಟಿನ ಗಿಗಾಬಿಟ್ ಸ್ವಿಚ್ ಚಿಪ್ಪು. ಅದರ ಪಕ್ಕ ಯುಎಸ್‌ಬಿಯಿಂದ ಬಂದ ಮಾತನ್ನು ಚಿಪ್ಪಿನ ಭಾಷೆಗೆ ಬದಲಿಸುವ ಎಫ್‌ಟಿ2232ಎಚ್ ಅನ್ನುವ ಇನ್ನೊಂದು ಚಿಪ್ಪು, ದುಭಾಷಿ ಇದ್ದ ಹಾಗೆ. ಡಬ್ಬಿಯಲ್ಲಿ ಬೋರ್ಡಿಗೆ ಕರೆಂಟು ಕೊಡುವ ಅಡಾಪ್ಟರ್ ಇತ್ತು. ಯುಎಸ್‌ಬಿ ವಾಯರ್ ಇರಲಿಲ್ಲ. ಗೆಳೆಯನಿಗೆ ಫೋನ್ ಮಾಡಿದರೆ, "ಮಗಾ, ಅದು ಎಲ್ಲಾರ ಮನೇಲೂ ಇರುತ್ತಲ್ಲೋ" ಅಂದ. ಇನ್ನೊಂದು ವಿಷಯವನ್ನೂ ಆಗಲೇ ಹೇಳಿದ. ಬೋರ್ಡನ್ನು ನಡೆಸುವ ಪ್ರೋಗ್ರಾಮನ್ನು ಅವನು ವಿಂಡೋಸಿಗೆ ಮಾತ್ರ ಬರೆದಿದ್ದಾನಂತೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್ ಒಂದೇ.

ಸ್ವಿಚ್ಚು ಅಂದರೇನು ಅಂತ ಅವ್ವ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ಹಬ್ ಅಂತ ಇತ್ತು, ಅದು ಡಂಗುರದವನಿದ್ದಂತೆ. ಒಬ್ಬರಿಗೆ ಹೇಳಬೇಕಾದ ಮಾತನ್ನೂ ಊರಿಗೆಲ್ಲ ಸಾರುತ್ತದೆ. ಸ್ವಿಚ್ಚು ಅಂಚೆಯವನಿದ್ದಂತೆ. ಯಾವ ಓಣಿಯಲ್ಲಿ ಯಾರಿದ್ದಾರೆ ಅಂತ ನೆನಪಿಟ್ಟುಕೊಂಡು ಆ ಬಾಗಿಲಿಗೇ ಕೊಡುತ್ತದೆ. ಯಾರೂ ಹೇಳಿಕೊಡುವುದಿಲ್ಲ. ಯಾವ ಪೋರ್ಟಿನಿಂದ ಯಾರ ಕಾಗದ ಬಂತು ಅಂತ ನೋಡಿ ತಾನೇ ಕಲಿಯುತ್ತದೆ. ಗೊತ್ತಿಲ್ಲದ ವಿಳಾಸ ಬಂದರೆ ಮಾತ್ರ ಡಂಗುರ. ಸಾಮಾನ್ಯವಾಗಿ 300 ಸೆಕೆಂಡು ಒಬ್ಬರಿಂದ ಸದ್ದಿಲ್ಲದಿದ್ದರೆ ಅವರನ್ನು ಮರೆತುಬಿಡುತ್ತದೆ.

"ಐದ ನಿಮಿಷಕ್ಕ ಮರೀತದಾ? ಎಂಥಾ ಅಂಚೆಯಂವಾ ಅಂವ!" ಅಂದಳು ಅವ್ವ.

ಒಂದು ಸಣ್ಣ ಸಂಗತಿ. ಹಲವು ಪೋರ್ಟುಗಳ ಮೊದಲ ಈಥರ್ನೆಟ್ ಸ್ವಿಚ್ಚನ್ನು 1990ರ ಆಸುಪಾಸಿನಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ಏನು ಗೊತ್ತೆ? ಕಲ್ಪನಾ! ಸ್ಥಾಪಕರಲ್ಲಿ ಒಬ್ಬರಾದ, ಭಾರತೀಯ ಮೂಲದ ವಿನೋದ್ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರು. ಅದಕ್ಕೂ ಏಳೇ ಪೋರ್ಟು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು.

*

ಸೋಮವಾರ ರಾತ್ರಿ. ಮನೆಯಲ್ಲಿ ಹುಡುಕಿದಾಗ ಅಪ್ಪನ ಬ್ಯಾಟ್ರಿಯ ವಾಯರ್ ಸಿಕ್ಕಿತು. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಾರೆ. ಹೊಲಕ್ಕೆ ಹೋಗುವಾಗ ಒಯ್ಯುವ ಚಾರ್ಜಿಂಗ್ ಬ್ಯಾಟ್ರಿ. ಅದರ ತುದಿ ಬೋರ್ಡಿಗೆ ಸರಿಯಾಗಿ ಕೂತಿತು. ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿತು. ಆಹಾ, ಮುಗೀತು ಅಂದುಕೊಂಡೆ.

ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ಯುಎಸ್‌ಬಿಗೆ ಸಿಕ್ಕಿಸಿದ ಎಲ್ಲದರ ಪಟ್ಟಿ ಬರುತ್ತದೆ. ಮೌಸ್ ಇತ್ತು, ಕ್ಯಾಮೆರಾ ಇತ್ತು. ಬೋರ್ಡ್ ಇರಲಿಲ್ಲ. ಕರ್ನಲ್ಲಿನ ಲಾಗ್ ನೋಡಿದೆ, ಏನೋ ಸಿಕ್ಕಿಸಿದ್ದಾರೆ ಅನ್ನುವ ಸುಳಿವೂ ಇಲ್ಲ. ಪೋರ್ಟ್ ಬದಲಿಸಿದೆ. ರೀಬೂಟ್ ಮಾಡಿದೆ. ಕರ್ನಲ್ ಅಪ್‌ಡೇಟ್ ಮಾಡಿದೆ. ಬೋರ್ಡೇ ದಾರಿಯಲ್ಲಿ ಹಾಳಾಗಿದೆ ಅಂತ ಗೆಳೆಯನಿಗೆ ಬೈದೆ. ರಾತ್ರಿ ಒಂದೂವರೆ.

ಅಪ್ಪ ಮಂಚದ ಮೇಲಿಂದ ನೋಡುತ್ತಿದ್ದ. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇತ್ತು. ಆಮೇಲೆ ಟಿವಿ, ಆಮೇಲೆ ಮೊಬೈಲ್ ಚಾರ್ಜರು, ಆಮೇಲೆ ಬೀಗ. ನಾನು ಸೋಲ್ಡರಿಂಗ್ ಕಲಿತದ್ದು ಅಲ್ಲೇ. ಸುಟ್ಟ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡದ್ದೂ ಅಲ್ಲೇ. ಯಾರಾದರೂ ರೇಡಿಯೋ ತಂದು "ಲೈಟ್ ಹತ್ತತದ, ಹಾಡು ಬರಂಗಿಲ್ಲ" ಅಂದರೆ ಅಪ್ಪ, "ಲೈಟ್ ಬ್ಯಾರೆ, ಹಾಡು ಬ್ಯಾರೆ" ಅನ್ನುತ್ತಿದ್ದ.

ಈಗ ಎಡಗೈ ಎತ್ತಿ ಏನನ್ನೋ ತೋರಿಸುತ್ತಿದ್ದ. ನೀರು ಬೇಕಾ ಅಂದೆ. "ಹೂಂ ಅದ" ಅಂದ. ಕೊಟ್ಟರೆ ತಲೆ ಅಲ್ಲಾಡಿಸಿದ. ಹೊದಿಕೆ ಬೇಕಾ? "ಹೂಂ ಅದ." ಅದೂ ಅಲ್ಲ. ಲಕ್ವಾ ಹೊಡೆದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಈ ಎರಡೇ ಮಾತು. ಸಿಟ್ಟು ಬಂದರೂ "ಹೂಂ ಅದ", ಹಸಿವಾದರೂ "ಹೂಂ ಅದ". ಕೊನೆಗೆ ತಾನೇ ಎಡಗೈ ಚಾಚಿ ಬೋರ್ಡಿಗೆ ಹಾಕಿದ್ದ ವಾಯರನ್ನು ಹಿಡಿದು ಜಗ್ಗಿದ. ದೀಪ ಆರಿತು. ವಾಯರನ್ನು ನನ್ನ ಮುಂದೆ ಹಿಡಿದು ಎರಡು ಬೆರಳಲ್ಲಿ ಹೊಸಕಿ ತೋರಿಸಿದ. ತೆಳ್ಳಗಿತ್ತು, ಬಹಳ ತೆಳ್ಳಗೆ.

ಆಗ ತಲೆಗೆ ಹೊಳೆಯಿತು. ನಾವು ಮನೆಯಲ್ಲಿ ಬಳಸುವ ಇಂಥ ಯುಎಸ್‌ಬಿ ವಾಯರಿನೊಳಗೆ ನಾಲ್ಕು ತಂತಿ ಇರಬೇಕು. ಕೆಂಪು, ಕಪ್ಪು ಕರೆಂಟಿಗೆ. ಬಿಳಿ, ಹಸಿರು ಮಾತಿಗೆ. ಬ್ಯಾಟ್ರಿ ಚಾರ್ಜ್ ಮಾಡಲು ಮಾತು ಯಾಕೆ ಬೇಕು? ಅಂಥ ಅಗ್ಗದ ವಾಯರುಗಳಲ್ಲಿ ಎರಡೇ ತಂತಿ. ಉಪಕರಣವು ಮಾತಿನ ತಂತಿಗಳಲ್ಲಿ ಒಂದನ್ನು ಮೇಲಕ್ಕೆ ಎಳೆದಾಗಲೇ ಕಂಪ್ಯೂಟರಿಗೆ "ಯಾರೋ ಬಂದಿದ್ದಾರೆ" ಅಂತ ಗೊತ್ತಾಗುವುದು. ತಂತಿಯೇ ಇಲ್ಲದಿದ್ದರೆ ಕರ್ನಲ್ಲಿಗೆ ಕನಸು ಬೀಳಬೇಕಾ?

ಬೆಳಿಗ್ಗೆ ಮೊಬೈಲ್ ಅಂಗಡಿಗೆ ಹೋಗಿ "ಡೇಟಾ ಹೋಗೋ ವಾಯರ್ ಕೊಡು" ಅಂತ ಕೇಳಿ, ಅಲ್ಲೇ ಫೋನಿನಿಂದ ಲ್ಯಾಪ್‌ಟಾಪಿಗೆ ಒಂದು ಫೋಟೋ ಹಾಕಿ ನೋಡಿಯೇ ದುಡ್ಡು ಕೊಟ್ಟೆ. ಮನೆಗೆ ಬಂದು ಸಿಕ್ಕಿಸಿದರೆ ಪಟ್ಟಿಯಲ್ಲಿ ಹೊಸ ಸಾಲು: 0403:6010. ಮೊದಲ ಸಂಖ್ಯೆ ಎಫ್‌ಟಿಡಿಐ ಕಂಪನಿಯದು, ಎರಡನೆಯದು ಚಿಪ್ಪಿನದು. ಅಪ್ಪನಿಗೆ ತೋರಿಸಿದೆ. ಅಂಗಡಿಯಲ್ಲಿ ಗಿರಾಕಿ ಹೋದ ಮೇಲೆ ನಗುತ್ತಿದ್ದ ಹಾಗೆ ಅರ್ಧ ಬಾಯಲ್ಲಿ ನಕ್ಕ.

*

ಮಂಗಳವಾರದ ತೊಂದರೆಗಳು ಲಿನಕ್ಸ್ ಬಳಸುವವರಿಗೆ ಹಳೆಯವೇ. ಚಿಕ್ಕದಾಗಿ ಹೇಳಿಬಿಡುತ್ತೇನೆ.

ಒಂದು, ಪರವಾನಗಿ. ಲಿಬ್‌ಯುಎಸ್‌ಬಿ ಬಳಸಿ ನಾನು ಬರೆದ ಪ್ರೋಗ್ರಾಮು ಬಾಗಿಲಲ್ಲೇ ನಿಂತಿತು. ಸಾಮಾನ್ಯ ಬಳಕೆದಾರ ಇಂಥ ಉಪಕರಣವನ್ನು ನೇರವಾಗಿ ಮುಟ್ಟುವ ಹಾಗಿಲ್ಲ. ಎಲ್ಲದಕ್ಕೂ ಸುಡೊ ಹಾಕಿ ನಡೆಸಬಹುದು, ಅದು ಇಡೀ ಮನೆಯ ಕೀಲಿಗೊಂಚಲು ಕೊಟ್ಟ ಹಾಗೆ. ಅದರ ಬದಲು ಯುಡೆವ್‌ಗೆ ಒಂದು ಸಾಲಿನ ನಿಯಮ ಬರೆದೆ: 0403, 6010 ಬಂದರೆ ಈ ಗುಂಪಿನವರಿಗೆ ಬಿಡು, ಅನುಮತಿ 0660. ನಿಯಮ ಬರೆದ ಮೇಲೆ ವಾಯರನ್ನು ತೆಗೆದು ಮತ್ತೆ ಹಾಕಬೇಕು, ಮರೆಯಬೇಡಿ. ನಾನು ಮರೆತು ಅರ್ಧ ಗಂಟೆ ಕಳೆದೆ.

ಎರಡು, "ಬಿಜಿ" ಅನ್ನುವ ಎರರ್. ಎಫ್‌ಟಿಡಿಐ ಚಿಪ್ಪು ಬಂದ ಕೂಡಲೆ ಲಿನಕ್ಸು ಅದನ್ನು ಸೀರಿಯಲ್ ಪೋರ್ಟ್ ಅಂದುಕೊಂಡು ಎಫ್‌ಟಿಡಿಐ-ಎಸ್‌ಐಒ ಅನ್ನುವ ಡ್ರೈವರಿಗೆ ಒಪ್ಪಿಸುತ್ತದೆ. ಈ ಚಿಪ್ಪಿಗೆ ಎರಡು ಬಾಯಿ ಇರುವುದರಿಂದ ಟಿಟಿವೈ-ಯುಎಸ್‌ಬಿ-0 ಮತ್ತು 1 ಅಂತ ಎರಡು ಹುಟ್ಟುತ್ತವೆ. ನನಗೆ ಮೊದಲನೆಯ ಬಾಯಿ ಎಸ್‌ಪಿಐ ಮಾತಾಡಬೇಕಿತ್ತು. ಸ್ವಿಚ್ ಚಿಪ್ಪಿನ ರಿಜಿಸ್ಟರುಗಳನ್ನು ಓದುವ, ಬರೆಯುವ ಭಾಷೆ ಅದು. ಡ್ರೈವರನ್ನೇ ಕಿತ್ತುಹಾಕುವ ಅಗತ್ಯವಿಲ್ಲ. ಲಿಬ್‌ಯುಎಸ್‌ಬಿಯಲ್ಲಿ ಕರ್ನಲ್ ಡ್ರೈವರನ್ನು ಬೇಕಾದ ಇಂಟರ್‌ಫೇಸಿನಿಂದ ಮಾತ್ರ ಬಿಡಿಸುವ ಫಂಕ್ಷನ್ ಇದೆ. ಮೊದಲನೆಯದನ್ನು ಬಿಡಿಸಿಕೊಂಡೆ, ಎರಡನೆಯದು ಸೀರಿಯಲ್ ಪೋರ್ಟಾಗಿಯೇ ಉಳಿಯಿತು. ಸಿ ಭಾಷೆಯಲ್ಲಿ ಒದ್ದಾಡಲು ಇಷ್ಟವಿಲ್ಲದವರಿಗೆ ಪೈಥಾನಿನ ಪೈಎಫ್‌ಟಿಡಿಐ ಲೈಬ್ರರಿ ಇದೆ. ಈ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ.

ಇಷ್ಟು ಮಾಡಿ ಸ್ವಿಚ್ ಚಿಪ್ಪಿಗೆ ಮೊದಲ ಪ್ರಶ್ನೆ ಕೇಳಿದೆ: "ನೀನು ಯಾರು?" ಸೊನ್ನೆ ವಿಳಾಸದಲ್ಲಿ ಅದರ ಗುರುತಿನ ಸಂಖ್ಯೆ ಇರುತ್ತದೆ. 00 98 97 ಬರಬೇಕು.

ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಬಂತು.

*

ಎಲ್ಲ ಬಿಟ್ಟೂ ಒಂದೇ ಬಂದರೆ ಬಹುಮಟ್ಟಿಗೆ ಆ ಕಡೆ ಯಾರೂ ಮಾತಾಡುತ್ತಿಲ್ಲ ಅಂತ ಅರ್ಥ. ಯಾರೂ ಹಿಡಿಯದ ತಂತಿ ತನ್ನಷ್ಟಕ್ಕೆ ಮೇಲೇ ನಿಂತಿರುತ್ತದೆ, ಅದನ್ನೇ ನಾವು ಉತ್ತರ ಅಂತ ಓದುತ್ತೇವೆ. ಬುಧವಾರ ಇಡೀ ದಿನ ಇದರಲ್ಲೇ ಹೋಯಿತು. ವೇಗ ಜಾಸ್ತಿ ಆಯಿತೇನೋ ಅಂತ ಕಡಿಮೆ ಮಾಡಿದೆ. ಎಫ್‌ಟಿ2232ಎಚ್ ಗರಿಷ್ಠ 30 ಮೆಗಾಹರ್ಟ್ಸಿಗೆ ಓಡುತ್ತದೆ, ನಾನು 1ಕ್ಕೆ ಇಳಿಸಿದೆ. ಅದೇ ಎಫ್‌ಎಫ್.

ನಡುವೆ ಅಪ್ಪನಿಗೆ ಸ್ನಾನ, ಎರಡು ಸಲ ಕಾಲಿನ ವ್ಯಾಯಾಮ, ಮಾತ್ರೆ. ಕಲಬುರಗಿಯ ವಾಕ್ ಚಿಕಿತ್ಸಕಿ ವಾರಕ್ಕೊಮ್ಮೆ ವೀಡಿಯೋ ಕಾಲಿನಲ್ಲಿ ಬರುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಬುಧವಾರ ಅವರ ದಿನ. ಅಪ್ಪನ ಸ್ಥಿತಿಗೆ ಅಫೇಸಿಯಾ ಅನ್ನುತ್ತಾರೆ ಅಂತ ಮೊದಲು ಹೇಳಿದವರು ಅವರೇ. ತಿಳಿವಳಿಕೆ ಬಹುಪಾಲು ಉಳಿದಿದೆ, ಮಾತನ್ನು ಹುಡುಕಿ ಹೊರಗೆ ತರುವ ದಾರಿ ಮುರಿದಿದೆ. 1861ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ ಅನ್ನುವ ವೈದ್ಯರು ನೋಡಿದ ರೋಗಿಯೊಬ್ಬ ಏನು ಕೇಳಿದರೂ "ತಾನ್" ಅನ್ನುತ್ತಿದ್ದನಂತೆ. ಅವನು ಸತ್ತ ಮೇಲೆ ಮಿದುಳು ನೋಡಿದರೆ ಎಡಭಾಗದ ಮುಂದೆ ಗಾಯ. ನಮ್ಮ ಅಪ್ಪನದು "ಹೂಂ ಅದ". 

"ನೀವು ಪ್ರಶ್ನೆ ಕೇಳಿ ಕಾಯೋದೇ ಇಲ್ಲ" ಅಂದರು ಅವತ್ತು ಆಕೆ. "ಒಂದು ಕೇಳ್ತೀರಿ, ಅವರು ಬಾಯಿ ತೆಗೆಯೋದರೊಳಗೆ ಇನ್ನೊಂದು ಕೇಳ್ತೀರಿ. ಮನಸ್ಸಿನಲ್ಲೇ ಹತ್ತು ಎಣಿಸ್ರಿ."

ಹೂಂ ಮೇಡಂ ಅಂದೆ. ಅಂದದ್ದಷ್ಟೇ. ತಲೆಯಲ್ಲಿ ಎಫ್‌ಎಫ್ ಓಡುತ್ತಿತ್ತು.

ಸಂಜೆ ಬೋರ್ಡಿನ ನಕ್ಷೆಯನ್ನು ಸಾಲು ಸಾಲಾಗಿ ಓದಿದಾಗ ಒಂದು ಜಂಪರ್ ಕಣ್ಣಿಗೆ ಬಿತ್ತು. ಈ ಚಿಪ್ಪನ್ನು ಎಸ್‌ಪಿಐ, ಐ2ಸಿ, ಎಂಐಐಎಂ ಹೀಗೆ ಬೇರೆ ಬೇರೆ ಭಾಷೆಗಳಲ್ಲಿ ಮಾತಾಡಿಸಬಹುದು. ಯಾವುದು ಅಂತ ಕೆಲವು ಪಿನ್ನುಗಳ ಸ್ಥಿತಿಯಿಂದ ಅದು ತಿಳಿದುಕೊಳ್ಳುತ್ತದೆ, ಇದಕ್ಕೆ ಸ್ಟ್ರಾಪ್ ಅನ್ನುತ್ತಾರೆ. ನಮ್ಮ ಜಂಪರ್ ಐ2ಸಿ ಕಡೆ ಕೂತಿತ್ತು. ನಾನು ಎಸ್‌ಪಿಐಯಲ್ಲಿ ಕೂಗುತ್ತಿದ್ದೆ. ಕಿವುಡರ ಮುಂದೆ ಕಿನ್ನರಿ! ಜಂಪರ್ ಕಿತ್ತು ಎಸ್‌ಪಿಐ ಕಡೆ ಹಾಕಿದೆ. ಪ್ರೋಗ್ರಾಮನ್ನು ಪ್ರತಿ ಸೆಕೆಂಡಿಗೊಮ್ಮೆ ಕೇಳುತ್ತಲೇ ಇರುವಂತೆ ಬಿಟ್ಟೆ.

ಎಫ್‌ಎಫ್. ಎಫ್‌ಎಫ್. ಎಫ್‌ಎಫ್.

ರಾತ್ರಿ ಒಂಬತ್ತಕ್ಕೆ ಕರೆಂಟು ಹೋಯಿತು. ಕತ್ತಲಲ್ಲಿ ಲ್ಯಾಪ್‌ಟಾಪಿನ ಪರದೆ ಒಂದೇ ಬೆಳಕು, ಅದರಲ್ಲಿ ಎಫ್‌ಎಫ್ ಸಾಲುಗಳು ಮೇಲೆ ಹೋಗುತ್ತಲೇ ಇದ್ದವು. ಅವ್ವ ಅಪ್ಪನ ಬ್ಯಾಟ್ರಿ ಹಚ್ಚಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. "ಶುಕ್ರವಾರ ಆಗಲಿಲ್ಲಂದ್ರ ಹೋಗು ತಮ್ಮಾ. ನೌಕರಿ ಬಿಡಬ್ಯಾಡ. ನಾ ಹೆಂಗರ ಮಾಡ್ತೀನಿ" ಅಂದಳು, ನನ್ನ ಮುಖ ನೋಡದೆ. ನಾನು ರೊಟ್ಟಿ ಮುರಿಯುತ್ತ ಕೂತೆ. ಅಪ್ಪ "ಹೂಂ ಅದ" ಅಂದ. ಅವನು ಯಾವುದಕ್ಕೆ ಅಂದನೋ, ಹೋಗು ಅಂದನೋ ಬೇಡ ಅಂದನೋ, ಇಬ್ಬರಿಗೂ ತಿಳಿಯಲಿಲ್ಲ. ಕೇಳಲೂ ಇಲ್ಲ.

ಹತ್ತೂಕಾಲಿಗೆ ಕರೆಂಟು ಬಂತು. ಕೈ ತೊಳೆದು ಬಂದು ಪರದೆ ನೋಡಿದರೆ... 00 98 97. 00 98 97. 00 98 97.

ಜೋರಾಗಿ ಕೂಗಿದೆ. ಅವ್ವ ಹೆದರಿ ಓಡಿ ಬಂದಳು.

ಆಗಿದ್ದು ಇಷ್ಟೇ. ಸ್ಟ್ರಾಪ್ ಪಿನ್ನುಗಳನ್ನು ಚಿಪ್ಪು ನೋಡುವುದು ರೀಸೆಟ್ ಆಗಿ ಎದ್ದೇಳುವಾಗ ಮಾತ್ರ. ಆಮೇಲೆ ಜಂಪರನ್ನು ಎಷ್ಟು ಸಲ ಕಿತ್ತು ಹಾಕಿದರೂ ತಿರುಗಿ ನೋಡುವುದಿಲ್ಲ. ಎಫ್‌ಟಿಡಿಐ ಚಿಪ್ಪಿಗೆ ಕರೆಂಟು ಲ್ಯಾಪ್‌ಟಾಪಿನಿಂದ, ಸ್ವಿಚ್ ಚಿಪ್ಪಿಗೆ ಗೋಡೆಯ ಅಡಾಪ್ಟರಿನಿಂದ. ನಾನು ಎಷ್ಟು ಸಲ ಯುಎಸ್‌ಬಿ ತೆಗೆದು ಹಾಕಿದ್ದರೂ ಸ್ವಿಚ್ಚು ಒಮ್ಮೆಯೂ ಮಲಗಿ ಎದ್ದಿರಲಿಲ್ಲ. ನಮ್ಮೂರ ಕರೆಂಟು ಅದನ್ನು ಮಲಗಿಸಿ ಎಬ್ಬಿಸಿತು. ಕರೆಂಟು ಹೋದದ್ದಕ್ಕೆ ಕೈಮುಗಿದದ್ದು ಜೀವನದಲ್ಲಿ ಅದೇ ಮೊದಲು :-)

*

ಗುರುವಾರ ಬೆಳಿಗ್ಗೆ ಹುಮ್ಮಸ್ಸಿನಿಂದ ಕೂತೆ. ಮುಂದಿನ ರಿಜಿಸ್ಟರು ಓದಿದೆ. 00 98 97. ಅದರ ಮುಂದಿನದು? 00 98 97. ಹತ್ತನೆಯದು, ಇಪ್ಪತ್ತನೆಯದು... ಎಲ್ಲಕ್ಕೂ 00 98 97. ಏನು ಕೇಳಿದರೂ ಅದು ತನ್ನ ಹೆಸರನ್ನೇ ಹೇಳುತ್ತಿತ್ತು.

ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ನಗುವೂ ಬಂತು, ಅಳುವೂ ಬಂತು. ಪಕ್ಕದ ಮಂಚದ ಮೇಲೆ ಅವ್ವ ಅಪ್ಪನಿಗೆ "ಚಾ ಕುಡೀತಿರೇನ್ರಿ?" ಅಂತ ಕೇಳುತ್ತಿದ್ದಳು. "ಹೂಂ ಅದ." "ಸಕ್ರಿ ಸಾಕಾ?" "ಹೂಂ ಅದ."

ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು. ತಪ್ಪು ನನ್ನದೇ. ಈ ಚಿಪ್ಪಿಗೆ ಕೇಳುವ ಪ್ರಶ್ನೆ 32 ಬಿಟ್ಟಿನದು. ಮೊದಲ 3 ಬಿಟ್ಟು ಓದಬೇಕೋ ಬರೆಯಬೇಕೋ ಅನ್ನುವುದು. ಆಮೇಲೆ 24 ಬಿಟ್ಟು ವಿಳಾಸ. ಕೊನೆಯ 5 ಬಿಟ್ಟು ಖಾಲಿ. ಆ ಐದನ್ನು ಟರ್ನ್‌ಅರೌಂಡ್ ಅನ್ನುತ್ತಾರೆ. ಪ್ರಶ್ನೆ ಮುಗಿದ ಮೇಲೆ ಚಿಪ್ಪು ಒಳಗೆ ಹೋಗಿ ಉತ್ತರ ಹುಡುಕಿ ತರಲು ಬೇಕಾದ ಬಿಡುವು. ನಾನು ಅವಸರದಲ್ಲಿ ಆ ಐದನ್ನು ಬಿಡದೆ ವಿಳಾಸವನ್ನು ತೀರ ಕೊನೆಯವರೆಗೆ ತುಂಬಿಸಿಬಿಟ್ಟಿದ್ದೆ. ಲೆಕ್ಕ ನೋಡಿ. ಐದು ಬಿಟ್ಟಿನಲ್ಲಿ 32 ವಿಳಾಸ ಹಿಡಿಯುತ್ತವೆ. ಹಾಗಾಗಿ 0ಯಿಂದ 31ರವರೆಗೆ ನಾನು ಕೇಳಿದ ಎಲ್ಲ ವಿಳಾಸಗಳೂ ಚಿಪ್ಪು ಕಿವಿಗೊಡದ ಆ ಜಾಗದಲ್ಲೇ ಬಿದ್ದುಹೋದವು. ಅದಕ್ಕೆ ಕೇಳಿಸಿದ್ದು ಪ್ರತಿ ಸಲವೂ ಸೊನ್ನೆ. ಸೊನ್ನೆ ಕೇಳಿದರೆ ಅದು ಹೆಸರು ಹೇಳಬೇಕು, ಹೇಳುತ್ತಿತ್ತು. ಅದರದ್ದೇನೂ ತಪ್ಪಿಲ್ಲ.

ವಿಳಾಸವನ್ನು ಐದು ಮನೆ ಎಡಕ್ಕೆ ಸರಿಸಿದೆ. ಒಂದೇ ಸಾಲಿನ ತಿದ್ದುಪಡಿ. ಒಂದೊಂದು ರಿಜಿಸ್ಟರೂ ತನ್ನ ತನ್ನ ಉತ್ತರ ಹೇಳತೊಡಗಿತು.

ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಿಪ್ಪಿಗೂ ಅಪ್ಪನಿಗೂ ಹೋಲಿಕೆ ಮಾಡುವುದು ನನಗೇ ಇಷ್ಟವಿಲ್ಲ. ಅದು ಯಂತ್ರ, ಇವನು ಅಪ್ಪ. ಆದರೆ ನಿನ್ನೆ ಆ ಮೇಡಂ ಹೇಳಿದ್ದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ ಅನ್ನುವುದು ಮಾತ್ರ ಆಗ ತಿಳಿಯಿತು.

*

ಶುಕ್ರವಾರ ಆರು ಗಂಟೆ. ಮನೆಯ ಫೈಬರ್ ಮೋಡೆಮ್ಮಿನಿಂದ ಬೋರ್ಡಿನ 2ನೇ ಪೋರ್ಟಿಗೆ ಒಂದು ವಾಯರ್, 1ನೇ ಪೋರ್ಟಿನಿಂದ ಲ್ಯಾಪ್‌ಟಾಪಿಗೆ ಇನ್ನೊಂದು. ಪಕ್ಕದಲ್ಲಿ ಯುಎಸ್‌ಬಿ. ವೈಫೈ ಬಂದ್.

"ಎಲ್ಲಪ್ಪಾ ಬೋರ್ಡು?" ಅಂದರು ಮ್ಯಾನೇಜರ್.

"ಸರ್, ನೀವು ಈಗ ನನ್ನ ಮುಖ ನೋಡ್ತಿರೋದೇ ಅದರ ಮೂಲಕ" ಅಂದೆ. ಪೋರ್ಟುಗಳ ಪ್ಯಾಕೆಟ್ ಲೆಕ್ಕ ಏರುತ್ತಿರುವುದನ್ನು ಪರದೆಯಲ್ಲಿ ತೋರಿಸಿದೆ. ಇಲ್ಲೊಂದು ವಿಷಯ ಗಮನಿಸಿ. ಯುಎಸ್‌ಬಿಯಲ್ಲಿ ಹೋಗುವುದು ಹತೋಟಿಯ ಮಾತು ಮಾತ್ರ. ಚಿತ್ರ, ಧ್ವನಿ ಎಲ್ಲ ಓಡುವುದು ಈಥರ್ನೆಟ್ ಪೋರ್ಟುಗಳಲ್ಲಿ. (ಪೋರ್ಟುಗಳನ್ನೆಲ್ಲ ಲಿನಕ್ಸಿನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಕಾರ್ಡುಗಳ ಹಾಗೆ ಕಾಣಿಸುವ ಡಿಎಸ್‌ಎ ಅನ್ನುವ ವ್ಯವಸ್ಥೆ 2008ರ 2.6.28 ಕರ್ನಲ್ಲಿನಿಂದ ಇದೆ. ಅದಕ್ಕೆ ಕಂಪ್ಯೂಟರನ್ನು ಸ್ವಿಚ್ಚಿನ ಒಂದು ಪೋರ್ಟಿಗೆ ಖಾಯಂ ಜೋಡಿಸಬೇಕು. ಅದರ ಕಥೆ ಇನ್ನೊಮ್ಮೆ.)

"ಸರಿ, 2ನೇ ಪೋರ್ಟ್ ಬಂದ್ ಮಾಡು ನೋಡೋಣ" ಅಂದರು.

"ಸರ್, ಕಾಲ್ ಕಟ್ ಆಗುತ್ತೆ."

"ಆಗ್ಲಿ ಮಾಡಯ್ಯಾ."

ಮಾಡಿದೆ. ಅವರ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಇಂಟರ್ನೆಟ್ಟೇ ಇಲ್ಲ, ಆದರೆ ಯುಎಸ್‌ಬಿಯಲ್ಲಿ ಬೋರ್ಡು ನನ್ನ ಜೊತೆ ಮಾತಾಡುತ್ತಲೇ ಇತ್ತು. ಐದು ಎಣಿಸಿ ಪೋರ್ಟನ್ನು ಮತ್ತೆ ತೆರೆದೆ. ಮುಖಕ್ಕೆ ಜೀವ ಬಂತು. ಅವರು ನಗುತ್ತಿದ್ದರು. "ಆಯ್ತಪ್ಪಾ. ಆರು ತಿಂಗಳು. ಆ ಪ್ರೋಗ್ರಾಮು ಎಲ್ಲರಿಗೂ ಕಳಿಸು. ಅಪ್ಪನ್ನ ಚೆನ್ನಾಗಿ ನೋಡ್ಕೋ" ಅಂದರು.

ಅವ್ವ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಸಜ್ಜಕ ಮಾಡಲು ರವೆ ಹುರಿಯತೊಡಗಿದಳು, ವಾಸನೆ ಬಂತು.

ನಾನು ಅಪ್ಪನ ಮಂಚದ ಹತ್ತಿರ ಕೂತೆ. ಮೊದಲ ದಿನದ ಆ ಬ್ಯಾಟ್ರಿ ವಾಯರನ್ನು ಅವನ ಎಡಗೈಗೆ ಕೊಟ್ಟೆ. "ಅಪ್ಪಾ, ಇದಕ್ಕ ಏನಂತಾರ?" ಅಂದೆ. "ಹೂಂ ಅದ" ಅಂದ. ನಾನು ಏನೂ ಅನ್ನಲಿಲ್ಲ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮನಸ್ಸಿನಲ್ಲಿ ಎಣಿಸಿದೆ. ಹತ್ತಾಯಿತು. ಹನ್ನೆರಡು. ಅಪ್ಪನ ತುಟಿ ಅಲ್ಲಾಡುತ್ತಿತ್ತು, ಹಣೆಯಲ್ಲಿ ಬೆವರು. ಹದಿನಾರೋ ಹದಿನೇಳೋ ಇರಬೇಕು.

"ವಾ... ವಾ... ವಾಯರ್."

ಅವ್ವ ರವೆಯ ಬೋಗುಣಿ ಒಲೆಯ ಮೇಲೇ ಬಿಟ್ಟು ಓಡಿ ಬಂದಳು. ಆವತ್ತಿನ ಸಜ್ಜಕ ತಳ ಹಿಡಿದಿತ್ತು. ಮೂವರೂ ತಿಂದೆವು.

ಇದನ್ನು ಸಿನಿಮಾದ ಹಾಗೆ ಮುಗಿಸಲು ಬರುವುದಿಲ್ಲ. ಮರುದಿನ ಅದೇ ವಾಯರ್ ಹಿಡಿದು ಕೇಳಿದರೆ ಮತ್ತೆ "ಹೂಂ ಅದ". ಮೂರನೇ ದಿನ ಬಂತು. ಆಮೇಲೆ ನಾಲ್ಕು ದಿನ ಬರಲಿಲ್ಲ. ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಪುಟದಲ್ಲಿ ರಿಜಿಸ್ಟರುಗಳು, ಬಲಗಡೆ ಅಪ್ಪನ ಮಾತುಗಳು. ಬಲಗಡೆ ಸದ್ಯಕ್ಕೆ ಆರು ಇವೆ: ವಾಯರ್, ನೀರು, ಸಾಕು, ಚಾ, ಬಾ, ಮತ್ತು ಅವ್ವನ ಹೆಸರು. ಆ ಕೊನೆಯದನ್ನು ಅಪ್ಪ ನಮ್ಮೆದುರು ಹಿಂದೆ ಯಾವತ್ತೂ ಹೇಳಿದ್ದಿಲ್ಲ. ಅವ್ವ ಈಗಲೂ ನಾಚಿಕೊಳ್ಳುತ್ತಾಳೆ.

ಬೋರ್ಡು ಜೋಡಿಸಲು ಹೊರಟವರಿಗೆ ಕೊನೆಯದಾಗಿ ಒಟ್ಟಿಗೆ ಹೇಳಿಬಿಡುತ್ತೇನೆ. ದೀಪ ಹತ್ತಿದರೆ ನಂಬಬೇಡಿ, ಮೊದಲು ವಾಯರ್ ನೋಡಿ. ಸುಡೊ ಬಿಟ್ಟು ಯುಡೆವ್ ನಿಯಮ ಬರೆಯಿರಿ. ಡ್ರೈವರನ್ನು ಬೇಕಾದ ಕಡೆ ಮಾತ್ರ ಬಿಡಿಸಿ. ಎಲ್ಲ ಎಫ್‌ಎಫ್ ಬಂದರೆ ಜಂಪರ್ ನೋಡಿ, ಜಂಪರ್ ಬದಲಿಸಿದ ಮೇಲೆ ಬೋರ್ಡಿನ ಕರೆಂಟು ತೆಗೆದು ಹಾಕಿ. ಏನು ಕೇಳಿದರೂ ಒಂದೇ ಉತ್ತರ ಬಂದರೆ, ಕೇಳುವವರ ಕಡೆ ತಪ್ಪಿದೆಯಾ ಅಂತ ಮೊದಲು ನೋಡಿಕೊಳ್ಳಿ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹೀಗೆ ಮಾತು ಕಳೆದುಕೊಂಡವರು ಇದ್ದರೆ, ಏನು ಮಾಡಿದಿರಿ, ಯಾವ ಮಾತು ಮೊದಲು ಬಂತು ಅಂತ ನನಗೆ ತಿಳಿಸಿ. ಇಲ್ಲಿ ಕೇಳಲು ಬೇರೆ ಯಾರೂ ಇಲ್ಲ.

ಅಪ್ಪ ಒಳಗಿನಿಂದ "ಬಾ" ಅಂತಿದ್ದಾನೆ. ಹೊರಟೆ.